ಹೊಳೆ ದಾಟುವ ಮುನ್ನ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ಮಳೆಗಾಲದ ಕೊನೆಯಲ್ಲಿ ಸಂಘದ ಕುಟುಂಬಗಳ ವನವಿಹಾರವನ್ನು ಹಿಂದಿನ ಸಂಜೆ ಬದಲಿಸಿದ ಅಪವಾದವು ನಮ್ಮ ಮೂವರ ತಲೆಯ ಮೇಲಿದೆ. ಅಂದು ಅಸಮಾಧಾನಗೊಂಡವರಲ್ಲಿ ಹಲವರು ಈ ಸಭೆಯಲ್ಲಿಯೂ ಕುಳಿತಿದ್ದಾರೆ. ಆದುದರಿಂದ ಕಾರ್ಯದರ್ಶಿಗಳು ನಾಲ್ಕು ಮಾತು ಹೇಳಿರೆಂದಾಗ ವಿಷಯವನ್ನು ಹುಡುಕುವ ಶ್ರಮವು ನಮಗೆ ಬೀಳಲಿಲ್ಲ.

ಹಿಮಾಲಯವನ್ನು ವಸಂತಕಾಲದಲ್ಲಿ ಏರುವವರು ನಸುಕಿಗೆ ಮೊದಲೇ ಹೊರಡುತ್ತಾರೆ. ರಾತ್ರಿಯ ಚಳಿಗೆ ಗಟ್ಟಿಯಾದ ಹಿಮವು ಮುಂಜಾನೆ ಕಾಲಿನ ಭಾರವನ್ನು ತಾಳಿಕೊಳ್ಳುತ್ತದೆ. ಬಿಸಿಲೇರಿದಂತೆ ಅದೇ ಹಿಮವು ಮೆತ್ತಗಾಗಿ ತೊಡೆಯವರೆಗೆ ಕುಸಿಯುತ್ತದೆ. ತೊರೆಯ ಮೇಲೆ ಸೇತುವೆಯಂತೆ ಹಾಸಿದ ಹಿಮದ ಅಡಿಯನ್ನು ನೀರು ಕೊರೆದಿರುವುದು ಮೇಲಿನಿಂದ ಕಾಣುವುದಿಲ್ಲ. ಅದಕ್ಕಾಗಿ ಒಬ್ಬನು ಮುಂದೆ ಹೋಗಿ, ಕೋಲಿನಿಂದ ಚುಚ್ಚಿ ನೋಡಿ, ಆಮೇಲೆ ಉಳಿದವರನ್ನು ಕರೆಯುವುದು ಅಲ್ಲಿನ ಪದ್ಧತಿ. ಗೋವೆಯಲ್ಲಿ ಹಿಮವೆಲ್ಲಿಂದ ಬರಬೇಕು? ನಮ್ಮ ಅತ್ಯುನ್ನತ ಶಿಖರವಾದ ಸೊನ್ಸೊಗಡವೂ 1,200 ಮೀಟರನ್ನು ಮುಟ್ಟುವುದಿಲ್ಲ. ಆದರೆ ಬೆಳಿಗ್ಗೆ ದಾರಿ ಕೊಟ್ಟು ಸಂಜೆ ದಾರಿ ಕಟ್ಟುವ ಗುಣವು ನಮ್ಮ ಸಹ್ಯಾದ್ರಿಯ ಹಳ್ಳಗಳಿಗೂ ಇದೆ.

ಇದರ ಕಾರಣವು ಸರಳವಾದುದು. ಚೋರ್ಲಾ, ಕಣಕುಂಬಿಗಳ ಎತ್ತರದಲ್ಲಿ ಸುರಿದ ಮಳೆಯು ಕಡಿದಾದ ಘಟ್ಟವನ್ನು ಇಳಿದು ಸತ್ತರಿಯ ತಗ್ಗಿಗೆ ಬರಲು ಬಹಳ ಹೊತ್ತು ಬೇಕಾಗಿಲ್ಲ. ಮೇಲೆ ಮೋಡ ಒಡೆದಿರುವಾಗ ಕೆಳಗೆ ವಾಳಪಈಯಲ್ಲಿ ಬಿಸಿಲು ಇರಬಹುದು. ವಿಜಯಪುರದ ಕಡೆಯಿಂದ ಬಂದ ನಮ್ಮ ಹಿರಿಯರಿಗೆ ಇದು ಹೊಸತಲ್ಲ. ತಮ್ಮೂರಿನಲ್ಲಿ ಹನಿ ಬೀಳದಿದ್ದರೂ ಡೋಣಿ ಹೊಳೆ ತುಂಬಿ ಬಂದುದನ್ನು ಅವರು ಕಂಡವರೇ. ಆದರೆ ಬಯಲಿನಲ್ಲಿ ನೆನಪಿರುವ ಈ ವಿವೇಕವು ಕಾಡಿನ ಹಸುರನ್ನು ಕಂಡೊಡನೆ ನಮ್ಮನ್ನು ಬಿಟ್ಟು ಹೋಗುತ್ತದೆ!

2024ರ ಜುಲೈ 7, ರವಿವಾರ, ಸತ್ತರಿಯ ಪಾಲಿ ಜಲಪಾತಕ್ಕೆ ಹೋದವರಲ್ಲಿ ಸುಮಾರು 80 ಮಂದಿ ಹೊಳೆಯ ಆಚೆಗೆ ಸಿಲುಕಿಕೊಂಡರು. ಹೋಗುವಾಗ ದಾಟಿದ ನೀರು ಮರಳುವಾಗ ದಾಟಲಾಗದಷ್ಟು ಏರಿತ್ತು. ಅಗ್ನಿಶಾಮಕ ದಳದವರೂ ಪೊಲೀಸರೂ ಅವರನ್ನು ಹೊರತಂದರು. ದೇವರ ದಯೆಯಿಂದ ಪ್ರಾಣಹಾನಿಯಾಗಲಿಲ್ಲ. ಅದರ ಹಿಂದಿನ ವರ್ಷ, 2023ರ ಜುಲೈಯಲ್ಲಿ, ಸಾಂಗೆ ತಾಲೂಕಿನ ಮೈನಾಪಿ ಜಲಪಾತದಲ್ಲಿ ಇಬ್ಬರು ಮುಳುಗಿ ತೀರಿಕೊಂಡಿದ್ದರು.

ನಾವು ನೋಡಲು ಹೋದ ಹಳ್ಳವು ಅಭಯಾರಣ್ಯದ ಹೊರಗಿನದು. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ನೀರು ಮೊಣಕಾಲಿನವರೆಗಿತ್ತು, ತಳದ ಕಲ್ಲು ಕಾಣುವಷ್ಟು ತಿಳಿಯಾಗಿತ್ತು. ನೀರಿನ ಅಂಚಿನಿಂದ ಮೇಲಕ್ಕೆ ಗೇಣಿಗೊಂದರಂತೆ ಮೂರು ಕಲ್ಲುಗಳನ್ನಿಟ್ಟು, ಗಡಿಯಾರ ನೋಡಿಕೊಂಡು, ದಂಡೆಯಲ್ಲಿ ಕುಳಿತೆವು. ಇಂಬಳಗಳು ಮಾತ್ರ ನಮ್ಮನ್ನು ಸುಮ್ಮನೆ ಕುಳಿತುಕೊಳ್ಳಗೊಡಲಿಲ್ಲ. ನಮ್ಮ ಮೇಲೆ ಒಂದು ಹನಿಯೂ ಬೀಳಲಿಲ್ಲ. ಹನ್ನೊಂದೂವರೆಗೆ ಮೊದಲ ಕಲ್ಲು ಮುಳುಗಿತು. ನೀರಿನ ಬಣ್ಣವು ಚಹದಂತಾಯಿತು. ತರಗೆಲೆಗಳೂ ಮುರಿದ ಬಿದಿರ ಕಡ್ಡಿಗಳೂ ತೇಲಿಬಂದವು. ಹನ್ನೆರಡೂವರೆಯ ಹೊತ್ತಿಗೆ ಎರಡನೆಯ ಕಲ್ಲೂ ಕಾಣದಾಯಿತು. ಮೂರನೆಯದು ಒಣಗಿಯೇ ಉಳಿಯಿತು, ಎರಡು ಗಂಟೆಯ ಅನಂತರ ನೀರು ಇಳಿಯತೊಡಗಿತು. ಇದನ್ನು ಮುಚ್ಚಿಡುವುದು ನ್ಯಾಯವಲ್ಲ. ಆದರೆ ದಂಡೆಯ ಪೊದೆಗಳಲ್ಲಿ ನಮ್ಮ ಎದೆಯ ಮಟ್ಟಕ್ಕೆ ಹುಲ್ಲು ಕಸ ಸಿಕ್ಕಿಕೊಂಡಿದ್ದಿತು. ಎಂದೋ ಒಂದು ದಿನ ನೀರು ಅಲ್ಲಿಯವರೆಗೆ ಬಂದಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ನಾವು ಮೂವರು ಕೋಲೂರಿ, ಹರಿವಿಗೆ ಮುಖಮಾಡಿ, ಅಗಲವಾಗಿ ಹರಿಯುವಲ್ಲಿ ಒಂದೊಂದೇ ಹೆಜ್ಜೆಯಿಟ್ಟು ದಾಟಿ ಮರಳಿದೆವು. ಹೊಳೆಯು ಕಿರಿದಾದಲ್ಲಿ ದಾಟುವುದು ಸುಲಭವೆಂದು ತೋರುವುದು. ಆದರೆ ನೀರಿಗೆ ಆಳವೂ ಸೆಳೆತವೂ ಇರುವುದು ಅಲ್ಲಿಯೇ. ಪಾಚಿಗಟ್ಟಿದ ಕಲ್ಲಿನ ಮೇಲೆ ನಮ್ಮಲ್ಲೊಬ್ಬರು ಜಾರಿದರು, ಕೈಹಿಡಿದು ನಿಲ್ಲಿಸಬೇಕಾಯಿತು. ಆಗ ನಮ್ಮ ಲೆಕ್ಕವು ಬೇರೆಯಾಯಿತು. ನಾವು ದಾಟಬಲ್ಲೆವೇ ಎಂಬುದಲ್ಲ, ಸಂಜೆ ನಾಲ್ಕಕ್ಕೆ ದಣಿದ ಮಕ್ಕಳನ್ನೂ ಸೀರೆಯುಟ್ಟ ಅಜ್ಜಿಯರನ್ನೂ ಇದೇ ಕಲ್ಲಿನ ಮೇಲೆ ಮರಳಿ ತರಬಲ್ಲೆವೇ ಎಂಬುದು. ಇಲ್ಲವೆಂದೆವು.

ಬಸ್ಸಿಗೆ ಮುಂಗಡ ಕೊಟ್ಟಾಗಿತ್ತು, ಮನೆಮನೆಗಳಲ್ಲಿ ರೊಟ್ಟಿ ಬಡಿದಾಗಿತ್ತು. "ಏನ್ರೀ, ಮೊಣಕಾಲ ನೀರಿಗೆ ಹೆದರಿ ಬಂದ್ರೇನು?" ಎಂದು ಹಿರಿಯರೊಬ್ಬರು ಎಲ್ಲರೆದುರಿಗೆ ಕೇಳಿದರು. ದೂಧಸಾಗರಕ್ಕಾದರೂ ರೈಲು ಹಳಿಯ ಮೇಲೆ ನಡೆದು ಹೋಗೋಣವೆಂದು ತರುಣರು ಹಟ ಹಿಡಿದರು. ಹಳಿಯ ಮೇಲೆ ಹಾಗೆ ನಡೆಯುವುದು 1989ರ ರೈಲ್ವೆ ಕಾಯಿದೆಯ 147ನೆಯ ಕಲಮಿನಂತೆ ಅಪರಾಧವೆಂದು ಹೇಳಿ ಅದನ್ನೂ ತಡೆದೆವು. ಒಂದೇ ಸಂಜೆಯಲ್ಲಿ ಎರಡು ತಲೆಮಾರಿನವರ ಕೋಪಕ್ಕೂ ಪಾತ್ರರಾದೆವು.

ಮರುದಿನ ಮಳೆ ಬರಲೇ ಇಲ್ಲ. ಆಕಾಶವು ಬೆಳಗಿನಿಂದ ಸಂಜೆಯವರೆಗೆ ತೊಳೆದಿಟ್ಟಂತೆ ಇತ್ತು. ಆ ಹಳ್ಳವು ಅಂದು ಏರಿತೋ ಇಲ್ಲವೋ, ನೋಡಿದವರು ನಮ್ಮಲ್ಲಿ ಯಾರೂ ಇಲ್ಲ. ಬಸ್ಸು ತಾಂಬಡಿ ಸುರ್ಲಾದ ಮಹಾದೇವನ ಗುಡಿಗೆ ಹೋಯಿತು. ಕದಂಬರ ಕಾಲದ ಆ ಕರಿಕಲ್ಲಿನ ಗುಡಿಯ ಪಕ್ಕದಲ್ಲಿ ಹರಿಯುವ ಹೊಳೆಯನ್ನು ಮಕ್ಕಳು ದಂಡೆಯಲ್ಲಿ ನಿಂತು ನೋಡಿದರು. ಹಿರಿಯರು ಊಟದವರೆಗೆ ನಮ್ಮೊಡನೆ ಮಾತನಾಡಲಿಲ್ಲ. ಊಟದ ಅನಂತರ ಹೊಳೆಯ ಅಂಚಿಗೆ ಒಂದು ಕಲ್ಲನ್ನಿಟ್ಟು, ಚಹ ಕುಡಿಯುವವರೆಗೂ ಅದನ್ನೇ ನೋಡುತ್ತ ಕುಳಿತಿದ್ದರು.

ಈ ವರ್ಷವೂ ದಾರಿ ನೋಡಿ ಬರುವ ಕೆಲಸವನ್ನು ಸಂಘವು ನಮಗೇ ವಹಿಸಿದೆ. ಮೂವರು ಸಾಲರು. ಬರಲಿಚ್ಛಿಸುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳಲ್ಲಿ ಹೆಸರು ಬರೆಸಬೇಕಾಗಿ ವಿನಂತಿ; ಮೊದಲ ಹೆಸರು ಆ ಹಿರಿಯರದೇ ಇದೆ.