ಗುಡುಗುಡಿಗೆ ಗಿಟಾರ್ ಸಿಕ್ಕಾಗ

ಲ್ಯಾಟಿನ್ ಪಾಪ್ ಬಾಯ್ ಬ್ಯಾಂಡ್ ಸಿಎನ್‌ಸಿಒ 2021ರಲ್ಲಿ ‘ದೇಜಾ ವೂ’ ಆಲ್ಬಂ ತಂತು. ಅದರಲ್ಲಿರೋದೆಲ್ಲ ಹಿಂದಿನವರ ಹಾಡುಗಳೇ. ನಮ್ಮಲ್ಲಿ 2008ರಲ್ಲೇ ಇದಕ್ಕಿಂತ ದೊಡ್ಡ ಜಿಗಿತ ಆಗಿತ್ತು. 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ತತ್ವಪದ, ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಂನಲ್ಲಿ ಗಿಟಾರ್, ಡ್ರಮ್ಸ್ ಜೊತೆ ಬಂತು. ಕೇಳಿದ್ರೆ ಕಾಲು ಸುಮ್ನಿರಲ್ಲ, ನಿಜ. ಆದ್ರೆ ಇದನ್ನ ಹುಕ್ಕಾ ಹಾಡು ಅಂದ್ಕೋಬೇಡಿ ಕಣ್ರಪ್ಪ! ಶರೀಫರು ಸುಡೋಕೆ ಹೇಳಿದ್ದು ಸೊಪ್ಪನ್ನಲ್ಲ, ಮೋಹಾನ. ಕುಣಿಯೋ ಗಲಾಟೇಲಿ ಅದೇ ತಪ್ಪಿಹೋಗುತ್ತೆ. ರಾಂಪುರದಿಂದ ಬಳ್ಳಾರಿ ಬಸ್ ಹತ್ತಿದಾಗ ಆಲ್ಬಂ ಕೇಳಿ. ಆಮೇಲೆ ಎಲ್ಲಾದ್ರೂ ಭಜನೇಲಿ ಇದೇ ಪದ ಹಾಡಿದ್ರೆ ಹತ್ರ ಹೋಗಿ ಕೂತ್ಕೊಳ್ಳಿ. ಅಲ್ಲಿ ಡ್ರಮ್ಸ್ ಇರಲ್ಲ, ಮಾತು ಚೆನ್ನಾಗಿ ಕೇಳ್ಸುತ್ತೆ.