ಬರೆದರೆ ನೋವು ಕಳೆಯುವುದೆ?

ಬಾನುಲಿಯಲ್ಲಿ ಮನಶ್ಶಾಸ್ತ್ರದ ಮಾತೇಕೆ ಎಂದು ಯಾರೂ ಕೇಳಲಾರರು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರೇ ಆಗಿದ್ದರು.

ನಮ್ಮ ಬೀದಿಯ ಹುಡುಗಿಯೊಬ್ಬಳು ಅದೇ ಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದಾಳೆ. ಕೊನೆಯ ವರ್ಷ ಅವಳು ತಾನೇ ಒಂದು ವಿಷಯವನ್ನು ಆರಿಸಿಕೊಂಡು, ತಾನೇ ಓದಿ, ಪ್ರಬಂಧ ಒಪ್ಪಿಸಬೇಕು. ಉಪನ್ಯಾಸವಿಲ್ಲ, ಟಿಪ್ಪಣಿಯಿಲ್ಲ. ಆಕೆ ಆರೋಗ್ಯ ಮನೋವಿಜ್ಞಾನವನ್ನು ಹಿಡಿದಳು. ರೋಗಿಯ ಭಯ, ಅಭ್ಯಾಸ, ನಂಬಿಕೆ, ಮನೆಯವರ ಆಸರೆ ಇವೆಲ್ಲ ದೇಹದ ಸ್ವಾಸ್ಥ್ಯವನ್ನು ಹೇಗೆ ಮುಟ್ಟುತ್ತವೆಂದು ವಿಚಾರಿಸುವ ಶಾಖೆ ಅದು; ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದಲ್ಲಿ ಅದಕ್ಕೊಂದು ಪ್ರತ್ಯೇಕ ವಿಭಾಗ ಏರ್ಪಟ್ಟದ್ದು 1978ರಲ್ಲಿ.

“ಮೇಷ್ಟ್ರೆ, ಮನಸ್ಸಿನ ನೋವನ್ನು ಬರೆದಿಟ್ಟರೆ ಮೈಗೆ ಒಳಿತಾಗುತ್ತದೆಯೆ?” ಎಂದು ಆಕೆ ಕೇಳಿದಳು.

“ಅನುಮಾನವೇನಮ್ಮ?” ಎಂದುಬಿಟ್ಟೆ. ಬದುಕೆಲ್ಲ ಸಾಹಿತ್ಯದ ಪಾಠ ಹೇಳಿದವನ ಬಾಯಲ್ಲಿ ಬೇರೆ ಉತ್ತರ ಬಂದೀತೆ?

ಆ ಪ್ರಶ್ನೆಗೆ ಕಾರಣವಿತ್ತು. ತಂದೆ ತೀರಿಕೊಂಡಂದಿನಿಂದ ಆಕೆಯ ತಾಯಿಗೆ ನಿದ್ದೆಯಿಲ್ಲ. ನನ್ನ ಮಾತನ್ನು ನಂಬಿ ಮಗಳು ತಾಯಿಯ ಕೈಗೊಂದು ನೋಟುಪುಸ್ತಕ ಕೊಟ್ಟಳು. ಆಕೆ ಎರಡು ಪುಟ ಬರೆದು, ಇರುಳೆಲ್ಲ ಅತ್ತು, ಪುಸ್ತಕವನ್ನು ಪೆಟ್ಟಿಗೆಯ ತಳಕ್ಕೆ ಹಾಕಿದರು. ಸುದ್ದಿ ಕೇಳಿ ನಾನು ತಲೆ ತಗ್ಗಿಸಿದೆ.

ಹುಡುಗಿ ಮಾತ್ರ ಓದುವುದನ್ನು ಬಿಡಲಿಲ್ಲ. ಮೊದಲು ದೊರೆತದ್ದು ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಅವರು 1986ರಲ್ಲಿ ಪ್ರಕಟಿಸಿದ ಲೇಖನ. 46 ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ ಬರೆದರು. ಕೆಲವರದು ಸಾಮಾನ್ಯ ವಸ್ತು, ಮಿಕ್ಕವರದು ಬಾಳಿನ ದೊಡ್ಡ ಆಘಾತ. ಆಘಾತದ ಸಂಗತಿಯನ್ನೂ ತಮ್ಮ ಭಾವವನ್ನೂ ಕೂಡಿಸಿ ಬರೆದವರು ಮುಂದಿನ ಆರು ತಿಂಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಮೆ. ಆದರೆ ಬರೆದ ಕೂಡಲೆ ಅವರ ಮನಸ್ಸು ಕುಗ್ಗಿತ್ತು, ರಕ್ತದೊತ್ತಡ ಏರಿತ್ತು. ತಾಯಿಯ ಕಣ್ಣೀರು ಅಲ್ಲಿ ಆಗಲೇ ದಾಖಲಾಗಿತ್ತು!

ಬಳಿಕ ಜೊವಾನ್ ಫ್ರಟರೋಲಿಯವರ 2006ರ ಸಮೀಕ್ಷೆ. 146 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಉಪಯೋಗ ಉಂಟು, ಆದರೆ ಬಲು ಚಿಕ್ಕದು.

“ವಿಷಯವನ್ನೇ ಬದಲಾಯಿಸಲೆ?” ಎಂದಳು.

“ವಿಷಯವಿರಲಿ, ಪ್ರಶ್ನೆಯನ್ನು ಬದಲಾಯಿಸು” ಎಂದೆ. ಬರೆದರೆ ಒಳಿತೆ ಎಂದು ಕೇಳಿದವಳು ಈಗ ಯಾರಿಗೆ, ಎಂದು, ಎಷ್ಟು ಎಂದು ಕೇಳುತ್ತಿದ್ದಾಳೆ. ಸ್ವತಂತ್ರ ಅಧ್ಯಯನವೆಂದರೆ ಮೇಷ್ಟರಿಲ್ಲದ ಓದು ಎಂದು ನಾನು ತಿಳಿದಿದ್ದೆ. ತನ್ನ ಆಸೆಗೂ ಮೇಷ್ಟರ ಆಸೆಗೂ ಅಧೀನವಾಗದ ಓದು ಅದೆಂದು ಈ ಇಳಿವಯಸ್ಸಿನಲ್ಲಿ ಅವಳಿಂದ ಕಲಿತೆ.

ನೋಟುಪುಸ್ತಕ ಇನ್ನೂ ಪೆಟ್ಟಿಗೆಯಲ್ಲೇ ಇದೆ. ಸಂಜೆ ದೀಪ ಹಚ್ಚಿದ ಮೇಲೆ ತಾಯಿ ಹೇಳುತ್ತಾರೆ, ಮಗಳು ಕೇಳುತ್ತಾಳೆ. ನಿದ್ದೆ ತುಸು ಬರುತ್ತಿದೆಯಂತೆ. ಇದನ್ನು ಆಕೆ ಪ್ರಬಂಧಕ್ಕೆ ಸೇರಿಸಿಲ್ಲ. ಒಬ್ಬರ ಅನುಭವ ಎಲ್ಲರಿಗೂ ಪ್ರಮಾಣವಾಗದೆಂದು ಬಲ್ಲಳು.