ಕರಿ ಕೋಟು ಬಿಚ್ಚೋ ಮುಂಚೆ

ನಿಮ್ಮ ಮನೆಯಲ್ಲಿ ಎಲ್‌ಎಲ್‌ಬಿ ಓದುತ್ತಿರುವ ಮಗನೋ ಮಗಳೋ ಇದ್ದರೆ ಐದು ನಿಮಿಷ ಚಾನೆಲ್ ಬದಲಾಯಿಸಬೇಡಿ. ಇವತ್ತಿನ ಮಾತು ಅವರಿಗೇ.

2025ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಕಕ್ಷಿದಾರನಿಗೆ ಸಲಹೆ ಕೊಟ್ಟ ವಕೀಲರಿಗೇ ತನಿಖಾ ಸಂಸ್ಥೆಗಳು ಸಮನ್ಸ್ ಕಳಿಸಬಹುದಾ ಅನ್ನೋದು ಪ್ರಶ್ನೆ. ಹಾಗೆ ಬೇಕಾಬಿಟ್ಟಿ ಕರೆಸುವಂತಿಲ್ಲ, ಕಕ್ಷಿದಾರ ತನ್ನ ವಕೀಲರ ಹತ್ತಿರ ಹೇಳಿಕೊಂಡ ಮಾತಿಗೆ ಕಾನೂನಿನ ರಕ್ಷಣೆ ಇದೆ ಅಂತ ಆಗಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರ ಪೀಠ ಹೇಳಿತು. ದೊಡ್ಡ ಸುದ್ದಿಯಾಗಿದ್ದು ಅದೇ. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿತ್ತು. ಕಂಪನಿಯಲ್ಲಿ ಸಂಬಳಕ್ಕಿರುವ ವಕೀಲರಿಗೆ, ಅಂದರೆ ಇನ್‌ಹೌಸ್ ಕೌನ್ಸೆಲ್‌ಗೆ, ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್ ಕೊಡುವ ಈ ರಕ್ಷಣೆ ಇಲ್ಲ. ಯಾಕೆ? ಅವರು ಕೋರ್ಟಿನಲ್ಲಿ ವಕಾಲತ್ತು ಮಾಡುವ ವಕೀಲರಲ್ಲ.

ಬೆಂಗಳೂರಿನ ಔಟರ್ ರಿಂಗ್ ರೋಡ್, ಎಲೆಕ್ಟ್ರಾನಿಕ್ ಸಿಟಿಯ ಆಫೀಸುಗಳ ಲೀಗಲ್ ಡಿಪಾರ್ಟ್‌ಮೆಂಟಿನಲ್ಲಿ ಕೂತು ಕರಾರು ತಿದ್ದುತ್ತಿರುವ ಹುಡುಗ ಹುಡುಗಿಯರಲ್ಲಿ ಎಷ್ಟು ಜನಕ್ಕೆ ಇದರ ಅರ್ಥ ಆಗಿದೆ?

ನಾನು ಇಂಜಿನಿಯರಿಂಗ್ ಓದಿದವನು. ಆ ಕೆಲಸ ಬಿಟ್ಟು ಟಿವಿಗೆ ಬಂದರೂ ಯಾರೂ ನನ್ನ ಡಿಗ್ರಿ ವಾಪಸ್ ಕೇಳಲಿಲ್ಲ. ವಕೀಲಿಕೆ ಹಾಗಲ್ಲ. ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮ ಸ್ಪಷ್ಟವಾಗಿದೆ. ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರಿದ ವಕೀಲರು ಅದನ್ನು ಪರಿಷತ್ತಿಗೆ ತಿಳಿಸಬೇಕು, ವಕಾಲತ್ತು ನಿಲ್ಲಿಸಬೇಕು. ಡಿಗ್ರಿ ನಿಮ್ಮದೇ, ಆದರೆ ಸನ್ನದು ಅಮಾನತಿಗೆ ಹೋಗುತ್ತೆ. 2001ರಲ್ಲಿ ಹಿಮಾಚಲ ಪ್ರದೇಶ ವಿದ್ಯುತ್ ಮಂಡಳಿಯ ಕಾನೂನು ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿದೆ.

"ತಿಳಿಸದೇ ಇದ್ರೆ ಯಾರಿಗೆ ಗೊತ್ತಾಗುತ್ತೆ ಸಾರ್?" ಅನ್ನುವವರಿದ್ದಾರೆ. ಸ್ವಾಮಿ, ಕಾನೂನು ಓದಿದವರು ಕೇಳುವ ಪ್ರಶ್ನೆಯಾ ಇದು? ಕಂಪನಿಗೆ ನಿಯಮ ಪಾಲಿಸಿ ಅಂತ ಬುದ್ಧಿ ಹೇಳೋದೇ ನಿಮ್ಮ ಕೆಲಸ. ಮೊದಲ ದಿನವೇ ನಿಯಮ ಮುರಿದು ಕೂತರೆ ಆ ಕುರ್ಚಿಗೆ ಏನು ಬೆಲೆ?

ಹಾಗಂತ ಕಂಪನಿ ಕೆಲಸಕ್ಕೆ ಹೋಗಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಯಾಕೆ ಹೋಗ್ತಾರೆ ಅಂತ ಎಲ್ಲರಿಗೂ ಗೊತ್ತು. ಜೂನಿಯರ್ ವಕೀಲರಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಸ್ಟೈಪೆಂಡ್ ಕೊಡಿ ಅಂತ 2024ರ ಅಕ್ಟೋಬರ್‌ನಲ್ಲಿ ವಕೀಲರ ಪರಿಷತ್ತೇ ಸುತ್ತೋಲೆ ಹೊರಡಿಸಿತು. ಅದೂ ಶಿಫಾರಸು, ಕಡ್ಡಾಯವಲ್ಲ. ಐದು ವರ್ಷ ಓದಿಸಲು ಸಾಲ ಮಾಡಿದ ಅಪ್ಪ ಅಮ್ಮ, ಪಿಜಿ ಬಾಡಿಗೆ, ಬಸ್ ಪಾಸು. ಸೀನಿಯರ್ ಆಫೀಸಿನಲ್ಲಿ ಫೈಲ್ ಹೊತ್ತು ಕಾಯುವ ಶಕ್ತಿ ಎಲ್ಲ ಮನೆಗೂ ಇರೋದಿಲ್ಲ. ಕಂಪನಿ ಕೆಲಸ ಸೋಲೂ ಅಲ್ಲ, ಅವಮಾನವೂ ಅಲ್ಲ. ಆದರೆ ಏನು ಕೊಟ್ಟು ಏನು ತಗೋತಿದ್ದೀರಿ ಅನ್ನೋ ಲೆಕ್ಕ ಗೊತ್ತಿರಬೇಕು.

ಲೆಕ್ಕ ಒಂದು: ನ್ಯಾಯಾಧೀಶರಾಗುವ ಕನಸು. 2025ರ ಮೇ 20ರ ತೀರ್ಪಿನ ನಂತರ ಸಿವಿಲ್ ಜಡ್ಜ್ ಹುದ್ದೆಗೆ ಅರ್ಜಿ ಹಾಕಲು ಮೂರು ವರ್ಷ ವಕಾಲತ್ತಿನ ಅನುಭವ ಬೇಕು. ಸನ್ನದು ಅಮಾನತಿನಲ್ಲಿರುವ ವರ್ಷಗಳನ್ನು ಅಲ್ಲಿ ತೋರಿಸಲು ಆಗೋದಿಲ್ಲ. ಆ ಕನಸಿದ್ದರೆ ಮೊದಲು ಮೂರು ವರ್ಷ ಕೋರ್ಟ್ ಮೆಟ್ಟಿಲು ಹತ್ತಿ. ಆಮೇಲೆ ಕಂಪನಿಗೆ ಹೋದರೂ ಆ ಅನುಭವಕ್ಕೆ ಬೆಲೆ ಇದ್ದೇ ಇರುತ್ತೆ.

ಲೆಕ್ಕ ಎರಡು: ಗುಟ್ಟು. ಎಂಡಿ ನಿಮಗೆ ಮೇಲ್ ಹಾಕ್ತಾರೆ, "ಈ ಲೆಕ್ಕದಲ್ಲಿ ಎಡವಟ್ಟಾಗಿದೆ, ಏನ್ ಮಾಡೋಣ?" ಅಂತ. ನೀವು ಉತ್ತರ ಬರೀತೀರಿ. ನಾಳೆ ತನಿಖೆ ಶುರುವಾದರೆ, ಇದು ವಕೀಲ ಮತ್ತು ಕಕ್ಷಿದಾರನ ನಡುವಿನ ಮಾತು ಅಂತ ಆ ಮೇಲ್ ಮುಚ್ಚಿಡಲು ಬರೋದಿಲ್ಲ. ಕಂಪನಿ ಹೊರಗಿನ ವಕೀಲರ ಜೊತೆ ನಡೆಸಿದ ಸಮಾಲೋಚನೆಗೆ 134ನೇ ಸೆಕ್ಷನ್ ರಕ್ಷಣೆ ಇದೆ. ನಿಮಗೂ ಎಂಡಿಗೂ ನಡೆದ ಮಾತಿಗೆ ಅದೂ ಇಲ್ಲ. ಹಾಗಾಗಿ ಸೂಕ್ಷ್ಮ ವಿಷಯ ಬಂದ ಕೂಡಲೇ ಹೊರಗಿನ ವಕೀಲರನ್ನು ಕರೆಸಿ ಅಂತ ಹೇಳುವ ಅಭ್ಯಾಸ ಮಾಡ್ಕೊಳ್ಳಿ.

ಲೆಕ್ಕ ಮೂರು ಎಲ್ಲಕ್ಕಿಂತ ಕಷ್ಟದ್ದು. ಹೊರಗಿನ ವಕೀಲರಿಗೆ ಹತ್ತು ಕಕ್ಷಿದಾರರಿರ್ತಾರೆ. ಒಬ್ಬರು ಮುನಿಸಿಕೊಂಡು ಹೋದರೆ ಇನ್ನೊಬ್ಬರು ಬರ್ತಾರೆ. ನಿಮಗಿರೋದು ಒಬ್ಬನೇ ಕಕ್ಷಿದಾರ, ಅವನೇ ನಿಮ್ಮ ಯಜಮಾನ. ಅವನಿಗೆ "ಇದು ಬೇಡ ಸಾರ್, ತಪ್ಪಾಗುತ್ತೆ" ಅಂತ ಹೇಳಲೇಬೇಕಾದ ದಿನ ಬಂದೇ ಬರುತ್ತೆ. ಷೇರುಪೇಟೆಯಲ್ಲಿರುವ ಕಂಪನಿಗೆ ಕಂಪನಿ ಸೆಕ್ರೆಟರಿ ಇರಲೇಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳುತ್ತೆ. ಜನರಲ್ ಕೌನ್ಸೆಲ್ ಇರಲೇಬೇಕು ಅಂತ ಆ ಕಾಯ್ದೆ ಹೇಳೋದಿಲ್ಲ. ಅಂದರೆ ನಿಮ್ಮ ಹುದ್ದೆ ಕಾಯ್ದೆಯ ಬಲದ ಮೇಲೆ ನಿಂತಿಲ್ಲ, ನಿಮ್ಮ ಮಾತಿಗೆ ಅಲ್ಲಿರುವ ಬೆಲೆಯ ಮೇಲೆ ನಿಂತಿದೆ.

ಅದಕ್ಕೇ ಇಂಟರ್ವ್ಯೂನಲ್ಲಿ ಸಂಬಳ ಎಷ್ಟು ಅಂತ ಮಾತ್ರ ಕೇಳಿ ಎದ್ದು ಬರಬೇಡಿ. ನಾನು ಯಾರಿಗೆ ರಿಪೋರ್ಟ್ ಮಾಡಬೇಕು? ಎಂಡಿಗಾ, ಫೈನಾನ್ಸ್ ಮುಖ್ಯಸ್ಥರಿಗಾ, ಸೇಲ್ಸ್‌ನವರಿಗಾ? ನಾನು ಬೇಡ ಅಂದ ಕರಾರಿಗೆ ಸಹಿ ಹಾಕುವ ಅಧಿಕಾರ ಯಾರಿಗಿದೆ? ಹೊರಗಿನ ವಕೀಲರನ್ನು ನೇಮಿಸಲು ಬಜೆಟ್ ಇದೆಯಾ? ನನಗಿಂತ ಮುಂಚೆ ಇದ್ದವರು ಯಾಕೆ ಬಿಟ್ಟರು? ಈ ನಾಲ್ಕು ಪ್ರಶ್ನೆ ಕೇಳಿ. ಕೊನೇ ಪ್ರಶ್ನೆಗೆ ಉತ್ತರ ತಡವರಿಸಿದರೆ, ಹಿಂದೆ ಇದ್ದವರನ್ನೇ ಹುಡುಕಿ ಫೋನ್ ಮಾಡಿ.

ಬಯೋಡೇಟಾ ವಿಷಯಕ್ಕೂ ಒಂದು ಮಾತು. "ಕರಾರುಗಳನ್ನು ಸಿದ್ಧಪಡಿಸಿದ್ದೇನೆ, ಪರಿಶೀಲಿಸಿದ್ದೇನೆ" ಅಂತ ಎಲ್ಲರೂ ಬರೀತಾರೆ. ಯಾವ ಕರಾರು? ಬಾಡಿಗೆಯದ್ದಾ, ಸಾಫ್ಟ್‌ವೇರ್ ಲೈಸೆನ್ಸಾ, ನೌಕರರದ್ದಾ? ನೀವು ಅದರಲ್ಲಿ ಏನು ಬದಲಾಯಿಸಿದಿರಿ, ಯಾವ ನಷ್ಟ ತಪ್ಪಿತು? ಅದನ್ನು ಎರಡು ಸಾಲಿನಲ್ಲಿ ಬರೆಯಿರಿ. ಹಳೆಯ ಕಂಪನಿಯ ಹೆಸರು, ಗುಟ್ಟು, ಮೊತ್ತ ಎಲ್ಲ ಬಿಚ್ಚಿಡಬೇಡಿ. ಅಲ್ಲಿಯ ಗುಟ್ಟು ಇಲ್ಲಿ ಹೇಳಿದವರು ಇಲ್ಲಿಯದನ್ನು ಇನ್ನೆಲ್ಲೋ ಹೇಳ್ತಾರೆ ಅನ್ನೋದು ಕೆಲಸ ಕೊಡುವವರಿಗೂ ಗೊತ್ತು. ಇನ್ನು ಕೋರ್ಟಿನಲ್ಲಿ ಗಂಟೆಗಟ್ಟಲೆ ವಾದ ಮಾಡಬಹುದು. ಕಂಪನಿಯಲ್ಲಿ ಕೇಳೋದು ಒಂದೇ: ಮಾಡಬಹುದಾ, ಬೇಡ್ವಾ? ಮಾಡೋದಾದ್ರೆ ಹೇಗೆ? ಆ ಉತ್ತರ ಸರಳ ಮಾತಲ್ಲಿ ಕೊಡೋದನ್ನು ಕಲೀರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಹೊಸ ಕಾರ್ಮಿಕ ಸಂಹಿತೆಗಳು, ಇವನ್ನು ಈಗಲೇ ಓದಿಟ್ಟುಕೊಳ್ಳಿ. ಕಂಪನಿಗಳು ಇವತ್ತು ತಲೆ ಕೆರೆದುಕೊಳ್ಳುತ್ತಿರೋದು ಅಲ್ಲೇ.

ಅಪ್ಪ ಅಮ್ಮಂದಿರಿಗೂ ಒಂದು ವಿನಂತಿ. ಮಗಳು ಕಂಪನಿ ಬಿಟ್ಟು ಮತ್ತೆ ಕೋರ್ಟಿಗೆ ಹೋಗ್ತೀನಿ ಅಂದರೆ ತಲೆ ಮೇಲೆ ಕೈ ಹೊತ್ತು ಕೂರಬೇಡಿ. ರಾಜ್ಯ ವಕೀಲರ ಪರಿಷತ್ತಿಗೆ ಅರ್ಜಿ ಹಾಕಿದರೆ ಅಮಾನತಿನಲ್ಲಿರುವ ಸನ್ನದು ಮತ್ತೆ ಚಾಲ್ತಿಗೆ ಬರುತ್ತೆ. ಆದರೆ ಆ ದಾರಿ ತೆರೆದಿರಬೇಕಾದರೆ ಹೋಗುವಾಗ ನಿಯಮದ ಪ್ರಕಾರ ತಿಳಿಸಿ ಹೋಗಿರಬೇಕು. ಆಫರ್ ಲೆಟರ್ ಕೈಗೆ ಬಂದಿರುವವರು ಈ ವಾರವೇ ಆ ಪತ್ರ ಬರೆಯಿರಿ.